ಟೆಕ್ನಿಕ್ ನೋಡ್ಬೇಕಾ, ಜನಕ್ಕೆ ತಟ್ಟಿದ್ದು ನೋಡ್ಬೇಕಾ?

ಸಿನಿಮಾನ ಟೆಕ್ನಿಕ್ ಮೇಲೆ ಅಳೀಬೇಕಾ ಇಲ್ಲಾ ಜನಕ್ಕೆ ಎಷ್ಟು ತಟ್ಟಿತು ಅನ್ನೋದ್ರ ಮೇಲಾ ಅಂತ ಕೇಳಿದೀರಿ. ನನ್ನ ಕೇಳಿದ್ರೆ ಜನಕ್ಕೆ ತಟ್ಟಿದ್ದೇ ಮೊದಲು, ಆದ್ರೆ ಜನನ್ನ ಯಾವ ದಿನ ಕೇಳ್ತೀರಿ ಅನ್ನೋದೂ ಐತೆ ನೋಡ್ರಿ.

ನಮ್ಮ ದೊಡ್ಡಪ್ಪ ದಾವಣಗೆರೆ ಟಾಕೀಸೊಂದ್ರಲ್ಲಿ ಆಪರೇಟರ್ ಆಗಿದ್ರು. ಪುಟ್ಟಣ್ಣ ಕಣಗಾಲರ ನಾಗರಹಾವು (1972) ನಮ್ಮೂರಿಗೆ ಬಂದಾಗ ಇನ್ನೂ ಹೆಲ್ಪರ್ರು. ಅದ್ರಲ್ಲಿ ಬಾರೆ ಬಾರೆ ಹಾಡು ಸ್ಲೋ ಮೋಷನ್ನಲ್ಲೈತಲ್ಲ, ಮೊದಲನೇ ಆಟದಲ್ಲಿ ಆ ಹಾಡು ಶುರುವಾಗಿದ್ದೇ ತಡ ಕೆಳಗಿಂದ ಜನ ಬೈಯ್ಯೋಕೆ ಹತ್ತಿದ್ರಂತೆ, ಏ ಮಷೀನ್ ಕೆಟ್ಟೈತೆ, ಆಪರೇಟರ್ ನಿದ್ದೆ ಹೊಡೀತಿದೀಯೇನೋ ಅಂತ. ಇವ್ರೂ ಹೆದರಿ ಮೋಟ್ರು ಮುಟ್ಟಿ ನೋಡಿದ್ರಂತೆ! ಕ್ಯಾಮೆರಾದಲ್ಲಿ ಸೆಕೆಂಡಿಗೆ 24ಕ್ಕಿಂತ ಜಾಸ್ತಿ ಫ್ರೇಮ್, ಅಂದ್ರೆ ಬಿಡಿ ಚಿತ್ರ, ತೆಗೆದು ಮಾಮೂಲಿ 24ರ ಸ್ಪೀಡಲ್ಲೇ ಬಿಟ್ರೆ ಎಲ್ಲ ನಿಧಾನಕ್ಕೆ ತೇಲುತ್ತೆ, ಗುಟ್ಟು ಅಷ್ಟೇ, ಆದ್ರೆ ಅವತ್ತು ಅದು ಯಾರಿಗೆ ಗೊತ್ತಿತ್ತು. ಎರಡನೇ ವಾರಕ್ಕೆ ಅದೇ ಜನ ಆ ಹಾಡಿಗೇ ಕಾಯ್ತಾ ಕೂರೋರು. ಈಗ ಇದನ್ನ ಟೆಕ್ನಿಕ್ ಅಂತೀರಾ, ತಟ್ಟಿದ್ದು ಅಂತೀರಾ?

ಇನ್ನೊಂದು ಮಾತು. ಕಾದಂಬರಿ ಬರೆದ ತರಾಸು ಅವರಿಗೇ ಸಿನಿಮಾ ಹಿಡಿಸ್ಲಿಲ್ಲ, ಇದು ನಾಗರಹಾವಲ್ಲ ಕೇರೆಹಾವು ಅಂದಿದ್ರು ಅಂತ ದುರ್ಗದ ಕಡೆ ಈಗ್ಲೂ ಹೇಳ್ತಾರೆ. ಅವರ ಮೂರು ಕಾದಂಬರಿ ಸೇರಿಸಿ ಒಂದು ಸಿನಿಮಾ ಮಾಡಿದ್ದು, ಸಿಟ್ಟು ಬಂದಿದ್ರಲ್ಲಿ ತಪ್ಪೇನಿಲ್ಲ. ಆದ್ರೂ ಕೋಟೆಗೆ ಹೋದೋರು ಓಬವ್ವನ ಕಿಂಡಿ ಹತ್ರ ಬಗ್ಗಿ ನುಸುಳುವಾಗ ಗುನುಗೋದು ಆ ಸಿನಿಮಾದ ಹಾಡೇ.

ಫಸ್ಟ್ ಡೇ ಶಿಳ್ಳೆ, ಕಟೌಟಿಗೆ ಹಾಲು, ಪೇಪರ್ ಎರಚೋದು, ಇದ್ಯಾವುದನ್ನೂ ಲೆಕ್ಕಕ್ಕೆ ಹಿಡೀಬ್ಯಾಡ್ರಿ, ಅದು ಹೀರೋಗೆ ಸಲ್ಲಿದ್ದು. ದೊಡ್ಡಪ್ಪನ ಲೆಕ್ಕ ಬೇರೆ. ಸೋಮವಾರದ ಮ್ಯಾಟ್ನಿಲಿ ಪ್ರೊಜೆಕ್ಟರ್ ರೂಮಿನ ಕಿಂಡಿಯಿಂದ ಇಣುಕಿ, ಯಾವ ಸೀನಿಗೆ ಎಷ್ಟು ಜನ ಬೀಡಿ ಸೇದೋಕೆ ಎದ್ದು ಹೋಗ್ತಾರೆ ಅಂತ ಎಣಿಸೋರು. ಈಗಿನ ಡ್ರೋನ್ ಶಾಟು, ಬಣ್ಣ ತಿದ್ದೋ ಕಲರ್ ಗ್ರೇಡಿಂಗು ಎಲ್ಲ ಚೆಂದನೇ, ಆದ್ರೆ ಅಂಥ ಶಾಟ್ ಬಂದಾಗ ನನ್ನ ಪಕ್ಕದೋನು ಮೊಬೈಲ್ ತೆಗೀತಾನಲ್ಲ, ಅದಕ್ಕೇನಂತೀರಿ.

2018ರಲ್ಲಿ ನಾಗರಹಾವನ್ನ ಡಿಜಿಟಲ್ ಮಾಡಿ ಮತ್ತೆ ಬಿಟ್ರು, ದೊಡ್ಡಪ್ಪನ್ನ ಕರ್ಕೊಂಡು ಹೋಗಿದ್ದೆ. ಫೈಟಿಗೆ ಕಾಲೇಜು ಹುಡುಗ್ರು ನಕ್ಕಿದ್ದು ನಿಜ. ಚಾಮಯ್ಯ ಮೇಷ್ಟ್ರು ಬಂದಾಗ ಮಾತ್ರ ಒಬ್ನೂ ನಗ್ಲಿಲ್ಲ. ದೊಡ್ಡಪ್ಪಂಗೆ ರೀಲ್ ಬದಲಾಯಿಸೋ ಗೋಜಿಲ್ದೆ ಆ ಸಿನಿಮಾ ಪೂರ್ತಿ ಕೂತು ನೋಡಿದ್ದು ಅದೇ ಮೊದಲು. ಇಂಟರ್‌ವಲ್ಲಿಗೂ ಏಳ್ಲಿಲ್ಲ, ಬೀಡಿ ಕಟ್ಟು ಜೇಬಲ್ಲೇ ಇತ್ತು.