ಕಾಫಿ ಚರಟದ ಭವಿಷ್ಯ, ಗ್ರೀಸ್‌ನ ಹಾಸ್ಯನಟಿ

ಪ್ರಶ್ನೆ: ಮಂಡ್ಯದಲ್ಲಿ ನಮ್ಮದೊಂದು ಹವ್ಯಾಸಿ ನಾಟಕ ತಂಡ. ಕಾಫಿ ಕಪ್ಪಿನ ಚರಟ ನೋಡಿ ಭವಿಷ್ಯ ಹೇಳುವ ಮುದುಕಿಯ ಹಳೇ ಗ್ರೀಕ್ ಸಿನಿಮಾ ನೋಡಿದೆವು. ಆ ನಟಿ ಯಾರು? ಅಂಥದೇ ದೃಶ್ಯ ನಮ್ಮ ಪ್ರಹಸನಕ್ಕೆ ಹಾಕಿಕೊಂಡರೆ ಕಪ್ಪಿನಲ್ಲಿ ಏನೂ ಮೂಡುತ್ತಿಲ್ಲ, ಯಾಕೆ?

ಉತ್ತರ: ಆಕೆ ಯೊರ್ಗೀಯಾ ವಸಿಲಿಯಾದು. ಹುಟ್ಟಿದ್ದು 1897ರಲ್ಲಿ, ಅಥೆನ್ಸ್‌ನಲ್ಲಿ, ತೀರಿಕೊಂಡದ್ದು 1980ರಲ್ಲಿ. ನೀವು ನೋಡಿದ್ದು ಅಲೆಕೋಸ್ ಸಕೆಲ್ಲಾರಿಯೋಸ್ ನಿರ್ದೇಶಿಸಿದ 1956ರ ‘ಕಫೆಟ್ಜು’ (ಕಾಫಿ ಚರಟ ನೋಡಿ ಭವಿಷ್ಯ ಹೇಳುವವಳು) ಇರಬೇಕು. ಒಪೆರಾ ಹಾಡುಗಾರಿಕೆಯಿಂದ ಶುರುಮಾಡಿ, ಮರೀಕಾ ಕೊಟೊಪೂಲಿಯಂಥ ದೊಡ್ಡ ನಟಿಯ ಕಂಪನಿಯಲ್ಲಿ ಪಳಗಿದವರು. ಹಾಸ್ಯಕ್ಕೆ ತಿರುಗಿದ್ದು 1939ರಲ್ಲಿ, ನಲವತ್ತು ದಾಟಿದ ಮೇಲೆ. ದಾರಿ ತೋರಿದವರು ಇದೇ ಸಕೆಲ್ಲಾರಿಯೋಸ್. 1954ರ ಸಿನಿಮಾ ‘ಅಥೆನ್ಸ್‌ನ ಸುಂದರಿ’ ಬಂದಾಗ ಆಕೆಗೆ ಐವತ್ತೇಳು. ಹಾಸ್ಯನಟರಾದ ವಸಿಲಿಸ್ ಅವ್ಲೊನೀತಿಸ್, ಗಿಡ್ಡ ಆಳು ನಿಕೋಸ್ ರೀಜೋಸ್ ಜೊತೆಗಿನ ಆಕೆಯ ಜೋಡಿ ಗ್ರೀಕರಿಗೆ ಇಂದಿಗೂ ಅಚ್ಚುಮೆಚ್ಚು.

ಇನ್ನು ಕಾಫಿ. ನೀವು ಫಿಲ್ಟರ್ ಕಾಫಿ ಬಳಸಿರಬೇಕು, ಅದರಲ್ಲಿ ಚರಟ ಕಪ್ಪಿಗೆ ಇಳಿಯುವುದೇ ಇಲ್ಲ. ಫಿಲ್ಟರ್ ಪುಡಿಯನ್ನೇ ಸೋಸದೆ ಕುದಿಸಿದರೂ ಕೆಲಸವಾಗದು: ಅದು ತರಿತರಿ, ಕಪ್ಪು ಮಗುಚಿದರೆ ಮುದ್ದೆಯಾಗಿ ಸಾಸರಿಗೆ ಬೀಳುತ್ತದೆ. ಮೈಸೂರಿನ ದೇವರಾಜ ಮಾರುಕಟ್ಟೆ ಸುತ್ತಲಿನ ಅಂಗಡಿಯಲ್ಲಿ ‘ಚಿಕೋರಿ ಬೇಡ, ಹಿಟ್ಟಿನಷ್ಟು ನುಣ್ಣಗೆ’ ಎಂದು ಹೇಳಿ ಬೀಸಿಸಿಕೊಳ್ಳಿ. ಸಣ್ಣ ಪಾತ್ರೆಗೆ 60-70 ಮಿ.ಲೀ. ತಣ್ಣೀರು, ಟೀ ಚಮಚದಲ್ಲಿ ದಿಬ್ಬದಂತೆ ಒಂದು ಚಮಚ ಪುಡಿ, ಅಂದರೆ ಸುಮಾರು 7 ಗ್ರಾಂ. ಸಣ್ಣ ಉರಿಯಲ್ಲಿಟ್ಟು, ನೊರೆ ಅಂಚಿಗೆ ಏರುತ್ತಿದ್ದಂತೆ ಇಳಿಸಿ. ಉಕ್ಕಿದರೆ ನೊರೆ ಹೋಯಿತು. ಸೋಸದೆ, ಹಾಲು ಬೆರೆಸದೆ, ಒಳಗೆ ಬಿಳಿ ಇರುವ ಚಿಕ್ಕ ಕಪ್ಪಿಗೆ ಬಗ್ಗಿಸಿ. ಎರಡು ನಿಮಿಷ ಅಲ್ಲಾಡಿಸಬೇಡಿ. ಕುಡಿದು ಒಂದು ಗುಟುಕು ಉಳಿಸಿ, ಕಪ್ಪನ್ನು ಮೂರು ಸುತ್ತು ತಿರುಗಿಸಿ, ಸಾಸರಿನ ಮೇಲೆ ಬೋರಲು ಹಾಕಿ. ಗೆರೆಗಳು ಇಳಿದು ಒಣಗಲು ನಾಲ್ಕೈದು ನಿಮಿಷ ಬೇಕು. ರಂಗದ ಮೇಲೆ ಅಷ್ಟು ಹೊತ್ತು ಕಾದರೆ ದೃಶ್ಯ ಸತ್ತಂತೆ. ಮೊದಲೇ ಒಣಗಿಸಿದ ಇನ್ನೊಂದು ಕಪ್ಪು ಮೇಜಿನ ಮರೆಯಲ್ಲಿರಲಿ.

ಪ್ರಶ್ನೆ: ಮುದುಕಿ ಪಾತ್ರಕ್ಕೆ ಹುಡುಗಿಯೊಬ್ಬಳಿಗೆ ಹಲ್ಲಿಗೆ ಕಪ್ಪು, ಕೆನ್ನೆಗೆ ದೊಡ್ಡ ಮಚ್ಚೆ ಬಳಿದೆವು. ಜನ ನಗಲಿಲ್ಲ. (ಮೈಸೂರಿನ ಕಾಲೇಜು ತಂಡ)

ಉತ್ತರ: ಬಳಿದದ್ದನ್ನು ಅಳಿಸಿ. ವಸಿಲಿಯಾದು ಅವರದು ಸಣಕಲು ಮೈ, ಎದ್ದುಕಾಣುವ ಮೂಗು. ಆದರೆ ಪಾತ್ರಗಳು ‘ನಾನು ಚೆಲುವೆ’ ಎಂದೇ ಗಟ್ಟಿಯಾಗಿ ನಂಬಿರುತ್ತವೆ. ನಗು ಹುಟ್ಟುವುದು ಆ ನಂಬಿಕೆಯಿಂದ. 1957ರ ಆಕೆಯ ಸಿನಿಮಾ ‘ಶಿಕಾಗೋದ ಸೋದರತ್ತೆ’ ನೋಡಿ. ನಿವೃತ್ತ ಸೈನ್ಯಾಧಿಕಾರಿಯ ಮನೆಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳು. ಅಮೆರಿಕದಿಂದ ಬಂದ ಸೋದರತ್ತೆ (ವಸಿಲಿಯಾದು) ಬೀದಿಯಲ್ಲಿ ಹೋಗುವ ಗಂಡಸರ ಮೇಲೆ ಮಹಡಿಯಿಂದ ಸಾಮಾನು ಬೀಳಿಸುತ್ತಾಳೆ. ಪೆಟ್ಟು ತಿಂದವನು ಜಗಳಕ್ಕೆ ಮೇಲೆ ಬಂದರೆ ವರ ಸಿಕ್ಕ ಹಾಗೇ. ಎಷ್ಟು ಗಂಭೀರವಾಗಿ ಮಾಡುತ್ತಾರೆ ಗಮನಿಸಿ, ಮನೆಗೆಲಸದ ಶ್ರದ್ಧೆ ಅದು!

ನಿಮ್ಮ ನಟಿ ತಾನು ನಗಬಾರದು, ಸಭೆಯತ್ತ ತಿರುಗಲೂ ಬಾರದು. ಸಭೆಯ ನಗು ಏರಿ, ಇಳಿಮುಖವಾದಾಗ ಮುಂದಿನ ಮಾತು ಆಡಲಿ. ಪೂರಾ ಆರಿದ ಮೇಲೆ ಆಡಿದರೆ ಓಟ ಕೆಡುತ್ತದೆ, ಏರುವಾಗಲೇ ಆಡಿದರೆ ಮಾತು ಕೇಳಿಸುವುದಿಲ್ಲ. ಹಾಗೆ ಸಾಮಾನು ಬೀಳಿಸುವ ದೃಶ್ಯ ನೀವೂ ಹಾಕಿಕೊಂಡರೆ ಹಗುರ ಥರ್ಮೋಕೋಲ್ ಹೂಕುಂಡ ಸಾಕು. ಸದ್ದಿಗೆ, ಗೋಣಿಚೀಲದಲ್ಲಿ ಕಟ್ಟಿದ ಮಣ್ಣಿನ ಕುಂಡವನ್ನು ನೇಪಥ್ಯದಲ್ಲಿ ಒಬ್ಬರು ನೆಲಕ್ಕೆ ಬಡಿಯಲಿ, ಚೂರು ಹಾರುವುದಿಲ್ಲ. ಕೈಬಿಟ್ಟ ಮೇಲೆ ಸದ್ದು ಅರೆಗಳಿಗೆ ತಡವಾಗಿ ಬರಲಿ, ಮಹಡಿ ಎತ್ತರ ಇದೆಯಲ್ಲ.