ಮದ್ದೂರು ಕಡೆ ಹಳ್ಳಿಯಲ್ಲಿರುವ ನಮ್ಮ ಅತ್ತೆಗೆ 45 ವರ್ಷ, ಇನ್ಶೂರೆನ್ಸ್ ಇಲ್ಲ. ಉಚಿತವಾಗಿ ಕ್ಯಾನ್ಸರ್ ತಪಾಸಣೆ ಮಾಡಿಸಬಹುದಾ?

ಖಂಡಿತ ಮಾಡಿಸಬಹುದು. ಇನ್ಶೂರೆನ್ಸ್ ಬೇಕಾಗಿಲ್ಲ. 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಮೊದಲು ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಹೊಗೆಸೊಪ್ಪು ಹಾಕ್ತೀರಾ, ಬಾಯಲ್ಲಿ ಮಾಯದ ಹುಣ್ಣಿದೆಯಾ ಅಂತೆಲ್ಲ ಕೇಳಿ ಫಾರಂ ತುಂಬಿಕೊಳ್ಳುತ್ತಾರೆ. ಎಲ್ಲಿಗೆ, ಯಾವತ್ತು ಹೋಗಬೇಕು ಅಂತಲೂ ಅವರೇ ಹೇಳುತ್ತಾರೆ.

ಹೆಂಗಸರು ಜಾಸ್ತಿ ಹೆದರುವುದು ಗರ್ಭಕೊರಳಿನ ಪರೀಕ್ಷೆಗೆ. ಅದರಲ್ಲಿ ಕೊಯ್ಯುವುದೇನೂ ಇಲ್ಲ. ತೆಳು ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನಲ್ಲಿರುವುದೇ, ಹತ್ತಿಯಲ್ಲಿ ಸವರಿ ಒಂದು ನಿಮಿಷ ಕಾಯುತ್ತಾರೆ. ಆ ಜಾಗ ಬೆಳ್ಳಗಾದರೆ ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ. ಬೆಳ್ಳಗಾದ ಮಾತ್ರಕ್ಕೆ ಕ್ಯಾನ್ಸರ್ ಅಂತಲ್ಲ. ಇದನ್ನು ಅತ್ತೆಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಸುಮ್ನೆ ಗಾಬರಿಯಾಗುತ್ತಾರೆ. ಮುಟ್ಟಿನ ದಿನ ಬಿಟ್ಟು ಹೋಗಲಿ.

ಅನುಮಾನ ಬಂದರೆ ಮಂಡ್ಯದ ಮಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ಮೈಸೂರಿನ ಕೆ.ಆರ್. ಆಸ್ಪತ್ರೆ ಇದೆ. ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ಚಿಕಿತ್ಸೆ ಬೇಕಾದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ.

ಸ್ತನದಲ್ಲಿ ಗಂಟು ಸಿಕ್ಕಿದ್ದರೆ, ಮುಟ್ಟು ನಿಂತ ಮೇಲೂ ರಕ್ತ ಹೋಗುತ್ತಿದ್ದರೆ ಮಾತ್ರ ಶಿಬಿರ ಬರಲಿ ಅಂತ ಕಾಯಬೇಡಿ. ನೇರವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.