ಪ್ರಾಕ್ಸಿ ಹಾಕಿ, ಆದರೆ ಪಾಸ್‌ವರ್ಡ್ ಮಾತ್ರ ಅಲ್ಲಿ ಬರೆಯಬೇಡಿ

ಉಬುಂಟು ಸೆಟ್ಟಿಂಗ್ಸ್‌ನಲ್ಲಿ ಆಫೀಸಿನ ಪ್ರಾಕ್ಸಿ (ಇಂಟರ್ನೆಟ್‌ಗೆ ಹೋಗುವ ದಾರಿಯಲ್ಲಿ ನಡುವೆ ಕೂರುವ ಸರ್ವರ್) ಹಾಕಿದ್ದೀರಿ, ಬ್ರೌಸರ್ ನಡೆಯುತ್ತದೆ, ಕಮಾಂಡ್ ಬರೆಯುವ ಟರ್ಮಿನಲ್ ನಡೆಯಲ್ಲ, ಇಡೀ ಸಿಸ್ಟಮ್‌ಗೆ ಒಂದೇ ಕಡೆ ಹೇಗೆ ಹಾಕೋದು ಅಂತ ಕೇಳಿದ್ದೀರಿ. ಪುಣೆಗೆ ಬಂದು ಹಿಂಜೇವಾಡಿಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರ ನಾನೂ ಇದನ್ನೇ ಹುಡುಕುತ್ತಿದ್ದೆ.

ಮೊದಲು ಟರ್ಮಿನಲ್ ತೆರೆದಾಗಲೆಲ್ಲ ಓದುವ ಬ್ಯಾಶ್‌ಆರ್‌ಸಿ (.bashrc) ಫೈಲಿನಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಸಮೇತ ಪ್ರಾಕ್ಸಿ ವಿಳಾಸ ಬರೆದೆ. ಟರ್ಮಿನಲ್ ಸರಿಹೋಯಿತು. ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸಲು ಸುಡೋ ಹಾಕಿದರೆ, ಅಲ್ಲಿ ಬರೆದ ಪ್ರಾಕ್ಸಿ ವೇರಿಯಬಲ್ ಮುಂದಕ್ಕೆ ಹೋಗುವುದಿಲ್ಲ, ಹಾಗಾಗಿ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡುವ ಆಪ್ಟ್‌ನ ಫೈಲಿನಲ್ಲಿ ಇನ್ನೊಮ್ಮೆ ಬರೆದೆ. ಹೊತ್ತಿಗೆ ಸರಿಯಾಗಿ ಕೆಲಸ ತಾನೇ ಓಡಿಸುವ ಕ್ರಾನ್‌ನಲ್ಲಿ ನನ್ನದೊಂದು ಸ್ಕ್ರಿಪ್ಟ್ ಇತ್ತು, ಅದು ಬ್ಯಾಶ್‌ಆರ್‌ಸಿ ಓದುವುದೇ ಇಲ್ಲ. ಅದಕ್ಕೋಸ್ಕರ ಇಟಿಸಿ ಒಳಗಿನ ಎನ್ವಿರಾನ್‌ಮೆಂಟ್ ಫೈಲಿನಲ್ಲಿ (/etc/environment) ಮೂರನೇ ಸಲ ಬರೆದೆ.

ತಪ್ಪು ಇಲ್ಲೇ ಆಗಿದ್ದು. ನಮ್ಮಲ್ಲಿ ಪ್ರಾಕ್ಸಿಗೂ ಆಫೀಸ್ ಲಾಗಿನ್‌ಗೂ ಒಂದೇ ಪಾಸ್‌ವರ್ಡ್, 90 ದಿನಕ್ಕೊಮ್ಮೆ ಬದಲಿಸಬೇಕು. ಬದಲಿಸಿದ ದಿನ ಬ್ಯಾಶ್‌ಆರ್‌ಸಿ ತಿದ್ದಿದೆ, ಆಪ್ಟ್ ತಿದ್ದಿದೆ, ಮೂರನೆಯದನ್ನು ಮರೆತೆ. ಟರ್ಮಿನಲ್‌ನಲ್ಲಿ ಏನು ಕೊಟ್ಟರೂ ಸರಿಯಾಗೇ ಬರುತ್ತಿತ್ತು, ಯಾಕೆಂದರೆ ಅಲ್ಲಿ ಬ್ಯಾಶ್‌ಆರ್‌ಸಿಯ ಹೊಸ ಪಾಸ್‌ವರ್ಡೇ ಕೊನೆಗೆ ನಿಲ್ಲುತ್ತದೆ. ಕ್ರಾನ್ ಮಾತ್ರ ಹಿಂದೆ ಕೂತು ಹಳೆಯದನ್ನೇ ಕಳಿಸುತ್ತಿತ್ತು. ಉತ್ತರ ಬರದಿದ್ದರೆ ಮತ್ತೆ ಮತ್ತೆ ಕೇಳು ಅಂತ ಸ್ಕ್ರಿಪ್ಟ್‌ನಲ್ಲಿ ನಾನೇ ಬರೆದಿದ್ದೆ. ಐದು ಸಲ ತಪ್ಪಾದರೆ ಅಕೌಂಟ್ ಲಾಕ್. ಹೆಲ್ಪ್‌ಡೆಸ್ಕ್‌ನವರು ತೆಗೆದುಕೊಡೋರು, ಕಾಲು ಗಂಟೆಯಲ್ಲಿ ಮತ್ತೆ ಲಾಕ್. ಅದು ಪಂಚಮಿ ಹಿಂದಿನ ದಿನ. ವಾಕಡ್‌ನಿಂದ ರಾತ್ರಿ ಬಸ್ಸಿಗೆ ಧಾರವಾಡದ ಟಿಕೆಟ್ ತೆಗೆದಿಟ್ಟಿದ್ದೆ, ಅಕ್ಕ ತವರಿಗೆ ಬಂದಿದ್ದಳು. ಅವತ್ತೇ ಮುಗಿಸಬೇಕಾದ ಕೆಲಸ ಮುಗಿಯುವಾಗ ರಾತ್ರಿ ಒಂದು ಗಂಟೆ, ಬಸ್ಸು ಹೋಗಿಯಾಗಿತ್ತು. ಅಕ್ಕ ಉಂಡಿ ಡಬ್ಬಿಗೆ ಹಾಕಿಟ್ಟು ಹೋದಳು, ಆ ವರ್ಷ ಅವಳನ್ನು ನೋಡಲಿಲ್ಲ. ಇವತ್ತಿಗೂ ಅದು ನನಗೆ ಬೇಜಾರೇ.

ಅದಕ್ಕೇ ಹೇಳ್ತೀನಿ, ನೀವು ಕೇಳುತ್ತಿರುವ 'ಒಂದೇ ಕಡೆ' ಅನ್ನೋದು ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಹಾಕಿದ್ದು ಅದನ್ನು ಕೇಳುವ ಪ್ರೋಗ್ರಾಮ್‌ಗಳಿಗೆ ಮಾತ್ರ. ವಿಂಡೋಸ್‌ನಲ್ಲೂ ಹಾಗೇ, ಅಲ್ಲಿ ಸೆಟ್ಟಿಂಗ್ಸ್‌ನ ಪ್ರಾಕ್ಸಿ ಬೇರೆ, ಹಿನ್ನೆಲೆಯಲ್ಲಿ ಓಡುವ ಸರ್ವಿಸ್‌ಗಳು ನೋಡುವ ವಿನ್‌ಎಚ್‌ಟಿಟಿಪಿ ಪ್ರಾಕ್ಸಿ ಬೇರೆ. ವಿಳಾಸ ನಾಲ್ಕು ಕಡೆ ಇರಲಿ, ಪರವಾಗಿಲ್ಲ. ಪಾಸ್‌ವರ್ಡ್ ಒಂದೇ ಕಡೆ ಇರಬೇಕು. ಮೇಲಾಗಿ ಆ ಎನ್ವಿರಾನ್‌ಮೆಂಟ್ ಫೈಲನ್ನು ಆ ಮೆಷಿನ್‌ನ ಯಾವ ಯೂಸರ್ ಬೇಕಾದರೂ ತೆರೆದು ಓದಬಹುದು, ಅಲ್ವಾ?

ನಿಮ್ಮ ಪ್ರಾಕ್ಸಿ ಎನ್‌ಟಿಎಲ್‌ಎಂ (ಮೈಕ್ರೋಸಾಫ್ಟ್‌ನ ಒಂದು ಲಾಗಿನ್ ಪದ್ಧತಿ) ಕೇಳುತ್ತಿದ್ದರೆ ಸಿಎನ್‌ಟಿಎಲ್‌ಎಂ (Cntlm) ಅನ್ನೋ ಪ್ರೋಗ್ರಾಮ್ ಹಾಕಿಕೊಳ್ಳಿ. ಅದು ನಿಮ್ಮ ಮೆಷಿನ್‌ನಲ್ಲೇ 3128 ಪೋರ್ಟ್‌ನಲ್ಲಿ ಕೂತು, ಆಫೀಸ್ ಪ್ರಾಕ್ಸಿ ಜೊತೆಗಿನ ಲಾಗಿನ್ ತಾನೇ ನೋಡಿಕೊಳ್ಳುತ್ತದೆ. ಅದರ ಕಾನ್ಫಿಗ್ ಫೈಲಿನಲ್ಲಿ ಪಾಸ್‌ವರ್ಡ್ ಬದಲು ಅದರ ಹ್ಯಾಶ್ (ಪಾಸ್‌ವರ್ಡ್‌ನಿಂದ ಲೆಕ್ಕ ಹಾಕಿ ತೆಗೆದ ಗುರುತು) ಇಡಬಹುದು, ಆ ಫೈಲನ್ನು ಅಡ್ಮಿನ್ ಆದ ರೂಟ್ ಬಿಟ್ಟು ಬೇರೆಯವರು ಓದದ ಹಾಗೆ ಮಾಡಿ. ಆಮೇಲೆ ಸೆಟ್ಟಿಂಗ್ಸ್, ಆಪ್ಟ್, ಗಿಟ್, ಎಲ್ಲಕ್ಕೂ 127.0.0.1:3128 (ಅಂದರೆ ನಿಮ್ಮದೇ ಮೆಷಿನ್‌ನ ಆ ಪೋರ್ಟ್) ಅಂತಷ್ಟೇ ಕೊಡಿ. ಪ್ರಾಕ್ಸಿ ಮೂಲಕ ಹೋಗಬಾರದ ವಿಳಾಸಗಳ ನೋ ಪ್ರಾಕ್ಸಿ ಪಟ್ಟಿಯಲ್ಲಿ ಲೋಕಲ್‌ಹೋಸ್ಟ್ ಮತ್ತು ಆಫೀಸ್ ಒಳಗಿನ ಸರ್ವರ್‌ಗಳ ಹೆಸರು ಒಂದೊಂದಾಗಿ ಬರೆಯಿರಿ, 10.0.0.0/8 ಅಂತ ವಿಳಾಸಗಳ ಇಡೀ ಗುಂಪನ್ನೇ ಬರೆದರೆ ಎಷ್ಟೋ ಪ್ರೋಗ್ರಾಮ್‌ಗಳಿಗೆ ಅರ್ಥವಾಗಲ್ಲ.

ಈಗಾಗಲೇ ಎಲ್ಲೆಲ್ಲಿ ಪಾಸ್‌ವರ್ಡ್ ಬರೆದಿದ್ದೀರೋ ಮೊದಲು ಅದನ್ನು ಹುಡುಕಿ ಅಳಿಸಿ, ಕ್ರಾನ್ ಮರೆಯಬೇಡಿ. ನಿಮ್ಮ ಪ್ರಾಕ್ಸಿ ಯಾವ ಥರದ ಲಾಗಿನ್ ಕೇಳುತ್ತದೆ ಅಂತ ಐಟಿಯವರನ್ನು ಕೇಳಿ ಇಲ್ಲಿ ಹಾಕಿ, ಕಾನ್ಫಿಗ್ ಹೇಗಿರಬೇಕು ಅಂತ ಬರೆದುಕೊಡ್ತೀನಿ.